ವಿಶೇಷ ಮಕ್ಕಳಿಗೆ ಪಂಚೇಂದ್ರಿಯಗಳ ಮೂಲಕ ಬೈಬಲ್ ಕತೆ

ಸಂತ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ, ಕಿವಿ ಕೇಳದ ಮತ್ತು ಸರಿಯಾಗಿ ಮಾತನಾಡಲಾಗದ ಒಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾರೆ. ಯೇಸು ಅವನಿಗೆ ಉಪದೇಶ ಮಾಡಲು ಕೂರಲಿಲ್ಲ. ಮೊದಲು ಅವನನ್ನು ಜನಜಂಗುಳಿಯಿಂದ ದೂರ ಕರೆದುಕೊಂಡು ಹೋದರು. ಆಮೇಲೆ ಅವನ ಕಿವಿಗಳಲ್ಲಿ ಬೆರಳಿಟ್ಟು, ನಾಲಗೆಯನ್ನು ಮುಟ್ಟಿದರು. ಮಾತು ತಲುಪದವನಿಗೆ ಸ್ಪರ್ಶದಿಂದ ವಿಷಯ ತಿಳಿಸಿದರು ಎಂದೇ ನಾವು ಇದನ್ನು ಓದುತ್ತೇವೆ. ಹುಟ್ಟುಕುರುಡನ ಕಣ್ಣಿಗೆ ಕೆಸರು ಹಚ್ಚಿದ ಘಟನೆಯೂ (ಯೊವಾನ್ನ 9) ಇದೇ ಸಾಲಿನದು.

ನಮ್ಮ ಧರ್ಮಕೇಂದ್ರಗಳ ಭಾನುವಾರದ ಕ್ರೈಸ್ತ ಶಿಕ್ಷಣ ತರಗತಿಗಳಲ್ಲಿ ಮಾತ್ರ ಎಲ್ಲವೂ ಮಾತಿನ ಮೂಲಕವೇ ನಡೆಯುತ್ತದೆ. ಪುಸ್ತಕ, ಪ್ರಶ್ನೋತ್ತರ, ಬಾಯಿಪಾಠ, ವರ್ಷದ ಕೊನೆಗೆ ಪರೀಕ್ಷೆ. ಮಾತು ಬಾರದ ಮಗು, ನಡೆಯಲಾಗದ ಮಗು, ಹೆಸರು ಕರೆದರೂ ತಿರುಗಿ ನೋಡದ ಮಗು ಇದರಲ್ಲಿ ಎಲ್ಲಿ ಕೂರಬೇಕು? ಎಷ್ಟೋ ಕಡೆ ಅದು ಮನೆಯಲ್ಲೇ ಉಳಿಯುತ್ತದೆ. ಪ್ರಥಮ ಪರಮಪ್ರಸಾದದ ವಯಸ್ಸು ಬಂದು ಹೋಗುತ್ತದೆ. ಹೆತ್ತವರು ಕೇಳಲು ಸಂಕೋಚಪಡುತ್ತಾರೆ, ಕೇಳಬೇಕಾದ ನಾವೂ ಕೇಳುವುದಿಲ್ಲ. ಇಂತಹ ಮಕ್ಕಳಿಗೆ ಕತೆ ಹೇಳುವ ಒಂದು ಕ್ರಮಬದ್ಧ ವಿಧಾನ ಕಳೆದ ಮೂರು ದಶಕಗಳಲ್ಲಿ ಬೆಳೆದು ಬಂದಿದೆ. ಅದನ್ನು ನಮ್ಮ ಶಿಕ್ಷಕಿಯರಿಗೂ ಹೆತ್ತವರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಏನಿದು?

ಇಂದ್ರಿಯಗಳ ಮೂಲಕ ಕತೆ ಹೇಳುವುದೆಂದರೆ ಒಂದು ಕತೆಯನ್ನು ಹತ್ತಕ್ಕಿಂತ ಕಡಿಮೆ ಚಿಕ್ಕ ವಾಕ್ಯಗಳಿಗೆ ಇಳಿಸಿ, ಪ್ರತಿ ವಾಕ್ಯದ ಜೊತೆ ಮುಟ್ಟುವ, ಮೂಸುವ, ನೋಡುವ, ಕೇಳುವ ಅಥವಾ ರುಚಿ ನೋಡುವ ಒಂದೇ ಒಂದು ಅನುಭವವನ್ನು ಮಗುವಿಗೆ ಕೊಡುವುದು. ವಾಕ್ಯ ಅರ್ಥವಾಗುವ ಮಗುವಿಗೆ ವಾಕ್ಯವೇ ಕತೆ. ಅರ್ಥವಾಗದ ಮಗುವಿಗೆ ಆ ಅನುಭವಗಳ ಸಾಲೇ ಕತೆ. ಒಂದಾದ ಮೇಲೆ ಒಂದು ಬರುತ್ತದೆ, ಪ್ರತಿ ಸಲವೂ ಅದೇ ಕ್ರಮದಲ್ಲಿ ಬರುತ್ತದೆ, ಒಂದು ಕಡೆ ಉದ್ವೇಗ ಏರುತ್ತದೆ, ಕೊನೆಗೆ ಇಳಿಯುತ್ತದೆ. ಕತೆಯ ಬೆನ್ನೆಲುಬು ಇದೇ ಅಲ್ಲವೇ?

ಇದು ಆಟಿಕೆಗಳ ಪ್ರದರ್ಶನವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ. ಮೇಜಿನ ತುಂಬ ಬಣ್ಣದ ವಸ್ತುಗಳನ್ನು ಹರಡಿ, ಒಂದೊಂದನ್ನೇ ಮಗುವಿನ ಮುಖದ ಮುಂದೆ ಆಡಿಸುವುದನ್ನು ಕೆಲವರು ಈ ಹೆಸರಿನಿಂದ ಕರೆಯುತ್ತಾರೆ. ಅದರಲ್ಲಿ ಕತೆಯೇ ಇಲ್ಲ. ಇದು ಚಿಕಿತ್ಸೆಯೂ ಅಲ್ಲ. ಫಿಸಿಯೋಥೆರಪಿ, ಸ್ಪೀಚ್ ಥೆರಪಿಗಳ ಜಾಗವನ್ನು ಇದು ತುಂಬುವುದಿಲ್ಲ. ಊರಿನ ಉಳಿದ ಮಕ್ಕಳು ಕೇಳುವ ಕತೆಯನ್ನೇ ಈ ಮಗುವೂ ಪಡೆಯಲಿ ಎಂಬುದಷ್ಟೇ ಇಲ್ಲಿನ ಆಶಯ.

ಬೆಳೆದು ಬಂದ ದಾರಿ

ಬ್ರಿಟನ್ನಿನಲ್ಲಿ ಫ್ಲೋ ಲಾಂಗ್‌ಹಾರ್ನ್ ಎಂಬ ಶಿಕ್ಷಕಿ ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಇಂದ್ರಿಯಾಧಾರಿತ ಪಠ್ಯಕ್ರಮದ ಪುಸ್ತಕವನ್ನು 1988ರಲ್ಲಿ ಹೊರತಂದರು. 1990ರ ದಶಕದಲ್ಲಿ ಕ್ರಿಸ್ ಫುಲ್ಲರ್ ಎಂಬವರು ಲಂಡನ್ನಿನಲ್ಲಿ 'ಬ್ಯಾಗ್ ಬುಕ್ಸ್' ಎಂಬ ಸೇವಾಸಂಸ್ಥೆಯ ಮೂಲಕ ಮುಟ್ಟಿ ನೋಡುವ ಕತೆಗಳನ್ನು ತಯಾರಿಸತೊಡಗಿದರು. ದೊಡ್ಡ ರಟ್ಟಿನ ಹಾಳೆಗಳ ಮೇಲೆ ವಸ್ತುಗಳನ್ನು ಜೋಡಿಸಿದ ಈ ಪುಸ್ತಕಗಳಲ್ಲಿ ಓದಲು ಇರುವುದು ಹೇಳುವವರಿಗೆ ಮಾತ್ರ. ಸ್ಕಾಟ್ಲೆಂಡಿನ ಡಂಡಿ ನಗರದ 'ಪಾಮಿಸ್' ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಬ್ಬೊಬ್ಬ ವ್ಯಕ್ತಿಗೂ ಅವರದೇ ಬದುಕಿನ ಕತೆಯನ್ನು ತಯಾರಿಸಿ ಕೊಟ್ಟಿತು. ಆಸ್ಪತ್ರೆಗೆ ಹೋಗುವುದು, ಹೆಣ್ಣುಮಕ್ಕಳು ಮೈನೆರೆಯುವುದು, ಮನೆಯಲ್ಲಿ ಸಾವು ಸಂಭವಿಸುವುದು ಮುಂತಾದ ವಿಷಯಗಳನ್ನೂ ಅದು ಬಿಡಲಿಲ್ಲ. ಸ್ಕಾಟ್ಲೆಂಡಿನಲ್ಲಿ 2004ರ ಶಿಕ್ಷಣ ಕಾಯಿದೆ 'ಹೆಚ್ಚುವರಿ ನೆರವಿನ ಅಗತ್ಯವುಳ್ಳ ಮಕ್ಕಳು' ಎಂಬ ವಿಶಾಲವಾದ ಪದವನ್ನು ಜಾರಿಗೆ ತಂದಿತು. ಕೊರತೆ ಮಗುವಿನದು ಎನ್ನುವ ಬದಲು ನೆರವು ಕೊಡಬೇಕಾದವರು ನಾವು ಎನ್ನುವ ಧ್ವನಿ ಅದರಲ್ಲಿದೆ. 2014ರಲ್ಲಿ ಜೊಆನಾ ಗ್ರೇಸ್ ಎಂಬವರ ಪುಸ್ತಕ ಬಂದ ಮೇಲೆ ಸಾಮಾನ್ಯ ಶಿಕ್ಷಕರೂ ಮನೆಯವರೂ ಇದನ್ನು ಕೈಗೆತ್ತಿಕೊಂಡರು. ಅವರ ವಿಧಾನದಲ್ಲಿ ದುಬಾರಿ ಸಾಮಗ್ರಿಯ ಅಗತ್ಯವಿಲ್ಲ.

ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ವಿಶ್ವವಿದ್ಯಾಲಯಗಳ ಸಂಶೋಧಕರು ಈ ವಿಧಾನವನ್ನು ಅಧ್ಯಯನ ಮಾಡಿದ್ದಾರೆ. ಕತೆಯ ಹೊತ್ತಿನಲ್ಲಿ ಮಗು ಎಷ್ಟು ಗಮನ ಕೊಡುತ್ತದೆ ಎಂಬುದನ್ನಲ್ಲದೆ, ಹೇಳುವವರು ನಿಯಮಗಳನ್ನು ಎಷ್ಟು ಪಾಲಿಸುತ್ತಾರೆ ಎಂಬುದನ್ನೂ ಅವರು ಅಳೆದು ನೋಡಿದರು. ಎರಡನೆಯದರಲ್ಲಿ ಹೇಳುವವರೇ ಹಿಂದೆ ಬಿದ್ದದ್ದು ಕಂಡುಬಂತು! ಶಿಕ್ಷಕ ವೃತ್ತಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಧರ್ಮಸಭೆಯಲ್ಲಿಯೂ ಈ ಯೋಚನೆ ಹೊಸದಲ್ಲ. ಅಮೆರಿಕದ ಷಿಕಾಗೊ ಮಹಾಧರ್ಮಪ್ರಾಂತ್ಯದಲ್ಲಿ 1960ರ ದಶಕದಲ್ಲಿ ಆರಂಭವಾದ 'ಸ್ಪ್ರೆಡ್' ಎಂಬ ಕಾರ್ಯಕ್ರಮದಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳ ಪ್ರತಿಯೊಬ್ಬರಿಗೂ ಒಬ್ಬ ವಯಸ್ಕ ಸ್ನೇಹಿತರು ಜೊತೆಗಿರುತ್ತಾರೆ. ಅಲ್ಲಿ ಶ್ರದ್ಧೆಯ ಪಾಠ ಬಣ್ಣ, ನೀರು, ಮಣ್ಣು, ಬೆಳಕು ಮತ್ತು ಮೌನಗಳ ನಡುವೆ ನಡೆಯುತ್ತದೆ. 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮೋಪದೇಶದ ಮಾರ್ಗದರ್ಶಿ ಅಂಗವಿಕಲರ ಬಗ್ಗೆ ಪ್ರತ್ಯೇಕ ಭಾಗವನ್ನೇ ಹೊಂದಿದ್ದು, ಐದೂ ಇಂದ್ರಿಯಗಳನ್ನು ಒಳಗೊಳ್ಳುವ ಭಾಷೆ ಮತ್ತು ಕತೆ ಹೇಳುವ ವಿಧಾನಗಳು ಇಲ್ಲಿ ವಿಶೇಷವಾಗಿ ಉಪಯುಕ್ತ ಎಂದು ಸ್ಪಷ್ಟವಾಗಿ ಹೇಳುತ್ತದೆ.

ಒಂದು ಉದಾಹರಣೆ: ಬಿರುಗಾಳಿ ಶಾಂತವಾದದ್ದು

ಕರಾವಳಿಯ ನಮಗೆ ಸಂತ ಮಾರ್ಕನ 4ನೇ ಅಧ್ಯಾಯದ ದೋಣಿಯ ಕತೆಗಿಂತ ಹತ್ತಿರದ್ದು ಬೇರೆ ಬೇಕಿಲ್ಲ. ಸಾಮಗ್ರಿಯೆಲ್ಲ ಮನೆಯಲ್ಲೇ ಸಿಗುತ್ತದೆ. ಅದನ್ನು ಎಂಟು ವಾಕ್ಯಗಳಲ್ಲಿ ಹೀಗೆ ಹೇಳಬಹುದು.

"ಸಂಜೆಯಾಯಿತು, ಯೇಸು ದೋಣಿ ಹತ್ತಿದರು." ತೆಂಗಿನ ನಾರಿನ ದಪ್ಪ ಹಗ್ಗವನ್ನು ಮಗುವಿನ ಕೈಗೆ ಕೊಡುವುದು. ಹಗ್ಗದ ಒರಟುತನ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ.

"ದೋಣಿ ಮೆಲ್ಲಗೆ ಹೊರಟಿತು." ಮಗು ಗಾಲಿಕುರ್ಚಿಯಲ್ಲಿದ್ದರೆ ಕುರ್ಚಿಯನ್ನು ಹಿಂದೆ ಮುಂದೆ ನಿಧಾನವಾಗಿ ತೂಗುವುದು. ಅಮ್ಮನ ಮಡಿಲಲ್ಲಿದ್ದರೆ ಅಮ್ಮನೇ ತೂಗಲಿ.

"ಯೇಸು ದಿಂಬಿಗೆ ತಲೆಯಿಟ್ಟು ಮಲಗಿದರು." ಮೆತ್ತನೆಯ ದಿಂಬು ಕೆನ್ನೆಗೆ ತಾಗಲಿ. ಯೇಸು ಮಲಗಿದ್ದು ದಿಂಬಿನ ಮೇಲೆ ಎಂಬ ಚಿಕ್ಕ ವಿವರವನ್ನು ಉಳಿಸಿಕೊಟ್ಟವನು ಮಾರ್ಕನೊಬ್ಬನೇ.

"ಗಾಳಿ ಬೀಸಿತು." ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ. ಮೊದಲು ಕೈಗೆ, ಮಗು ಒಪ್ಪಿದರೆ ಮುಖಕ್ಕೆ.

"ಅಲೆಗಳು ಎದ್ದವು." ಗೆರಸೆಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಅತ್ತಿತ್ತ ಓಲಾಡಿಸಿದರೆ ಅಲೆಯ ಸದ್ದು ಬರುತ್ತದೆ. ಮೆಲ್ಲಗೆ ಶುರುಮಾಡಿ ಜೋರಾಗಿಸಬೇಕು.

"ನೀರು ದೋಣಿಯೊಳಗೆ ನುಗ್ಗಿತು." ಸ್ಪ್ರೇ ಬಾಟಲಿಯಿಂದ ಕೈಮೇಲೆ ನಾಲ್ಕು ಹನಿ. ಕಡಲಿನ ಉಪ್ಪುನೀರು ಬೇಡ, ಕಣ್ಣು ಉರಿಯುತ್ತದೆ. ಗಲಿಲೇಯದ್ದು ಸಿಹಿನೀರಿನ ಸರೋವರ, ಆದ್ದರಿಂದ ಬಾವಿಯ ನೀರೇ ಸರಿ.

"ಶಿಷ್ಯರು ಹೆದರಿ ಯೇಸುವನ್ನು ಎಬ್ಬಿಸಿದರು." ಇದು ಮಗು ತಾನೇ ಮಾಡುವ ಕೆಲಸ. ಒಂದು ಗಂಟೆಯನ್ನು ಬಾರಿಸುವುದು, ಅಥವಾ ಒತ್ತಿದರೆ ಧ್ವನಿ ಬರುವ ಗುಂಡಿಯೊಂದರಲ್ಲಿ ಅಣ್ಣನೋ ಅಕ್ಕನೋ "ಸ್ವಾಮೀ, ಏಳಿ" ಎಂದು ಮೊದಲೇ ರೆಕಾರ್ಡ್ ಮಾಡಿಟ್ಟರೆ ಅದನ್ನು ಒತ್ತುವುದು. ಮಾತು ಬಾರದ ಮಗು ಯೇಸುವನ್ನು ಕರೆಯುವ ಜಾಗ ಇದು. ಇಲ್ಲಿ ಅವಸರ ಮಾಡಲೇಬಾರದು.

"ಯೇಸು ಅಪ್ಪಣೆ ಕೊಟ್ಟರು, ಎಲ್ಲವೂ ಶಾಂತವಾಯಿತು." ಗೆರಸೆ ನಿಲ್ಲಲಿ, ಬೀಸಣಿಗೆ ನಿಲ್ಲಲಿ, ಕುರ್ಚಿ ನಿಲ್ಲಲಿ. ಮಗುವಿನ ಭುಜದ ಮೇಲೆ ಒಂದು ಬೆಚ್ಚನೆಯ ಕೈ. ಏನೂ ಹೇಳದೆ ಅರ್ಧ ನಿಮಿಷ ಸುಮ್ಮನಿರುವುದು. ಎಂಟು ವಾಕ್ಯಗಳಲ್ಲಿ ಶಿಕ್ಷಕಿಯರಿಗೆ ಅತ್ಯಂತ ಕಷ್ಟವಾಗುವುದು ಇದೇ. ಮೌನವನ್ನು ತುಂಬಿಸಲು ನಮಗೆ ಬಾಯಿ ತುರಿಸುತ್ತದೆ. ಆದರೆ ಸದ್ದು, ಗಾಳಿ, ಓಲಾಟ ಎಲ್ಲವೂ ಒಟ್ಟಿಗೆ ನಿಂತಾಗ ಮಗುವಿನ ಉಸಿರಾಟ ಬದಲಾಗುವುದನ್ನು, ಬಿಗಿಯಾಗಿದ್ದ ಬೆರಳುಗಳು ಬಿಚ್ಚುವುದನ್ನು ಗಮನಿಸಿ ನೋಡಬೇಕು. ಈ ಪವಾಡದ ಮೇಲೆ ನಾವು ಎಷ್ಟು ಪ್ರಸಂಗ ಕೊಟ್ಟರೂ ಶಾಂತಿ ಎಂದರೇನು ಎಂಬುದು ಅಷ್ಟು ನೇರವಾಗಿ ತಲುಪಲಾರದು.

ಇಲ್ಲಿ ಗುಡುಗು ಏಕಿಲ್ಲ ಎಂದು ಯಾರಾದರೂ ಕೇಳಬಹುದು. ತಗಡು ಬಡಿದು ಗುಡುಗಿನ ಸದ್ದು ಮಾಡುವುದು ಬಹಳ ಸುಲಭ. ಆದರೆ ಶುಭಸಂದೇಶದಲ್ಲಿ ಗುಡುಗಿನ ಮಾತಿಲ್ಲ. ಮಗುವನ್ನು ರಂಜಿಸಲು ಕತೆಗೆ ಏನೇನನ್ನೋ ಸೇರಿಸುತ್ತ ಹೋದರೆ ಕೊನೆಗೆ ಉಳಿಯುವುದು ನಮ್ಮ ಕತೆ, ಶುಭಸಂದೇಶದ್ದಲ್ಲ. ಇನ್ನೊಂದು ಮಾತು. ಮೀನುಗಾರ ಕುಟುಂಬದ ಮಗುವಿಗೆ, ಅದರಲ್ಲೂ ಕಡಲಿನಲ್ಲಿ ಯಾರನ್ನಾದರೂ ಕಳೆದುಕೊಂಡ ಮನೆಯ ಮಗುವಿಗೆ, ಈ ಕತೆಯನ್ನು ಆರಿಸುವ ಮೊದಲು ತಾಯಿಯನ್ನು ಕೇಳಬೇಕು.

ಹೇಳುವ ಕ್ರಮ

ಪ್ರತಿ ಬಾರಿಯೂ ಅದೇ ಮಾತು, ಅದೇ ಕ್ರಮ, ಅದೇ ವಸ್ತು. ಎರಡನೇ ವಾರಕ್ಕೇ ನಮಗೆ ಬೇಸರ ಬರುತ್ತದೆ, ಮಗುವಿಗೆ ಬರುವುದಿಲ್ಲ. ಗಾಳಿಯ ನಂತರ ಅಲೆ ಬರುತ್ತದೆ ಎಂದು ನಿರೀಕ್ಷಿಸಲು ಕೆಲವು ಮಕ್ಕಳಿಗೆ ಐದಾರು ವಾರಗಳೇ ಬೇಕು. ಆ ನಿರೀಕ್ಷೆಯೇ ಮಗು ಕತೆಯೊಳಗೆ ಬಂದಿದೆ ಎಂಬುದರ ಗುರುತು. ಗೆರಸೆಯನ್ನು ಎತ್ತುವ ಮೊದಲೇ ಮಗು ಆ ಕಡೆ ಕಣ್ಣು ಹಾಯಿಸಿದರೆ ಅದನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬೇಕು.

ವಾಕ್ಯ ಹೇಳಿ, ವಸ್ತುವನ್ನು ಕೊಟ್ಟು, ಕಾಯಬೇಕು. ಮನಸ್ಸಿನಲ್ಲೇ ನಿಧಾನವಾಗಿ ಹತ್ತರವರೆಗೆ ಎಣಿಸಿದರೂ ಕೆಲವು ಮಕ್ಕಳಿಗೆ ಸಾಲದು. ಆ ಹೊತ್ತಿನಲ್ಲಿ "ನೋಡು ಪುಟ್ಟಾ, ಮುಟ್ಟು, ಚೆಂದ ಇದೆಯಲ್ಲಾ" ಎಂದು ಮಾತು ಸೇರಿಸಬಾರದು. ಮಗುವಿನ ಕೈಯನ್ನು ಹಿಡಿದು ವಸ್ತುವಿನ ಮೇಲೆ ಒತ್ತುವುದಂತೂ ಕೂಡದು. ನಮ್ಮ ಕೈಯನ್ನು ಹಗ್ಗದ ಮೇಲಿಟ್ಟು, ಮಗುವಿನ ಕೈ ನಮ್ಮ ಕೈಯ ಮೇಲೆ ಬರುವಂತೆ ಬಿಟ್ಟರೆ ಹಿಂತೆಗೆಯುವ ಸ್ವಾತಂತ್ರ್ಯ ಮಗುವಿನದೇ ಆಗಿರುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಕೆಲವರಿಗೆ ಒದ್ದೆಯಾದದ್ದು, ಅಂಟುವುದು, ಕೆಲವು ಸದ್ದುಗಳು ನಿಜಕ್ಕೂ ನೋವು ಕೊಡುತ್ತವೆ. ತಲೆ ತಿರುಗಿಸಿದರೆ ಅದು 'ಬೇಡ' ಎಂಬ ಉತ್ತರ, ಹಟವಲ್ಲ.

ಮೆದುಳಿನ ತೊಂದರೆಯಿಂದ ದೃಷ್ಟಿ ಮಂದವಾಗಿರುವ ಮಕ್ಕಳಿಗೆ ಹಲವು ವಸ್ತುಗಳ ನಡುವೆ ಒಂದನ್ನು ಗುರುತಿಸುವುದು ಕಷ್ಟ. ಕಪ್ಪು ಬಟ್ಟೆ ಹಾಸಿ ಒಮ್ಮೆಗೆ ಒಂದೇ ವಸ್ತು ಇಡಬೇಕು. ಹೇಳುವವರೂ ಹೂವಿನ ಸೀರೆಯ ಬದಲು ಒಂದೇ ಬಣ್ಣದ್ದು ಉಟ್ಟರೆ ಒಳ್ಳೆಯದು.

ಭಾಷೆಯ ವಿಷಯದಲ್ಲಿ ನಮ್ಮದು ಗಟ್ಟಿ ಅಭಿಪ್ರಾಯ. ಕತೆ ಮನೆಮಾತಿನಲ್ಲೇ ಇರಬೇಕು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಇಂಗ್ಲಿಷ್, ಇಗರ್ಜಿಯಲ್ಲಿ ಕನ್ನಡ ಎಂದು ಮೂರು ನಾಲ್ಕು ಭಾಷೆಗಳ ನಡುವೆ ನಮ್ಮ ಉಳಿದ ಮಕ್ಕಳು ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ಈ ಮಗುವಿಗೆ ಅಜ್ಜಿ ಮಾತನಾಡುವ ಭಾಷೆಯ ಏರಿಳಿತ ಮಾತ್ರ ಪರಿಚಿತ. ಶಿಕ್ಷಕಿಗೆ ಆ ಭಾಷೆ ಬಾರದಿದ್ದರೆ ಅಜ್ಜಿಯೇ ಬಂದು ಹೇಳಲಿ!

ಎಚ್ಚರಿಕೆಗಳು

ಸೆರೆಬ್ರಲ್ ಪಾಲ್ಸಿ ಇರುವ ಹಲವು ಮಕ್ಕಳಿಗೆ ನುಂಗುವುದು ಕಷ್ಟ. ಆಹಾರ ಶ್ವಾಸನಾಳಕ್ಕೆ ಹೋದರೆ ಪ್ರಾಣಾಪಾಯ. ತಾಯಿಯ ಒಪ್ಪಿಗೆ ಇಲ್ಲದೆ ಒಂದು ಹನಿ ಜೇನನ್ನೂ ನಾಲಗೆಗೆ ತಾಗಿಸಬಾರದು. ಹಾಲು, ಕಡಲೆಕಾಯಿ ಮುಂತಾದವು ಒಗ್ಗುವುದೇ ಎಂದು ಕೇಳಬೇಕು. ಮಿಣುಕುವ ದೀಪಗಳಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. ಕರ್ಪೂರ ಮತ್ತು ನೀಲಗಿರಿ ಎಣ್ಣೆಯೂ ಬೇಡ. ಇವುಗಳಿಗೂ ಫಿಟ್ಸ್‌ಗೂ ಇರುವ ಸಂಬಂಧದ ಬಗ್ಗೆ ಬೆಂಗಳೂರಿನ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ವರದಿ ಮಾಡಿದ್ದಾರೆ. ವಾಸನೆ ಕೋಣೆಯಲ್ಲಿ ಬಹಳ ಹೊತ್ತು ಉಳಿಯುವುದರಿಂದ ಒಂದು ಕತೆಗೆ ಒಂದೇ ವಾಸನೆ ಸಾಕು.

ಸ್ಪರ್ಶ ಇರುವ ಕಡೆ ಇಬ್ಬರು ವಯಸ್ಕರು ಇರಲೇಬೇಕು, ಬಾಗಿಲು ತೆರೆದಿರಬೇಕು. ನಡೆದದ್ದನ್ನು ಹೇಳಲಾಗದ ಮಕ್ಕಳ ವಿಷಯದಲ್ಲಿ ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಹಬ್ಬ ಮತ್ತು ಮರಣ

ಬೈಬಲ್ ಕತೆಗಳಿಗೆ ಮಾತ್ರ ಈ ವಿಧಾನ ಸೀಮಿತವಲ್ಲ. ವಾರ್ಷಿಕ ಹಬ್ಬದ ದಿನ ಬ್ಯಾಂಡ್, ಗರ್ನಾಲು, ಧೂಪ ಮತ್ತು ಜನಸಂದಣಿ ಒಮ್ಮೆಲೇ ಎರಗಿದಾಗ ಕಿವಿ ಮುಚ್ಚಿಕೊಂಡು ಕಿರುಚುವ ಮಗುವನ್ನು ನಾವೆಲ್ಲ ಕಂಡಿದ್ದೇವೆ. ಹೆತ್ತವರು ತಲೆ ತಗ್ಗಿಸಿ ಹೊರನಡೆಯುವುದನ್ನೂ ಕಂಡಿದ್ದೇವೆ. ತಿಂಗಳ ಮೊದಲೇ ಹಬ್ಬವನ್ನು ಏಳು ವಾಕ್ಯಗಳ ಕತೆ ಮಾಡಿ, ಬ್ಯಾಂಡಿನ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಕೇಳಿಸಿ, ಧೂಪದ ಪರಿಮಳವನ್ನು ದೂರದಿಂದ ತೋರಿಸಿದರೆ ಆ ದಿನ ಅಷ್ಟು ಅಪರಿಚಿತವಾಗಿರುವುದಿಲ್ಲ. ಗರ್ನಾಲನ್ನು ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು. ಅದು ಹಬ್ಬದ ಸಮಿತಿಗೆ ಬಿಟ್ಟ ವಿಚಾರ.

ಮನೆಯಲ್ಲಿ ಅಜ್ಜ ತೀರಿಕೊಂಡಾಗ ಇಂತಹ ಮಗುವನ್ನು ಪಕ್ಕದ ಮನೆಯಲ್ಲಿ ಬಿಡುವುದು ರೂಢಿ. ಅದಕ್ಕೆ ಏನೂ ತಿಳಿಯುವುದಿಲ್ಲ ಎನ್ನುತ್ತೇವೆ. ಆದರೆ ಅಜ್ಜನ ಕುರ್ಚಿ ಖಾಲಿಯಾದದ್ದು, ಅವರ ನಶ್ಯದ ವಾಸನೆ ಇಲ್ಲವಾದದ್ದು ಅದಕ್ಕೆ ತಿಳಿಯುತ್ತದೆ. ಎಲ್ಲಿ ಹೋದರು ಎಂದು ಮಾತ್ರ ಯಾರೂ ಹೇಳಿರುವುದಿಲ್ಲ. ಅಜ್ಜನ ಶಾಲು, ಮೇಣದ ಬತ್ತಿಯ ಬೆಳಕು, ಇಗರ್ಜಿಯ ಗಂಟೆ, ಸಮಾಧಿಯ ಮೇಲಿನ ಹೂ, ಒಂದು ಹಿಡಿ ಮಣ್ಣು. ಇಷ್ಟರಲ್ಲಿ ಆ ಕತೆಯನ್ನು ಹೇಳಬಹುದು, ಹೇಳಬೇಕು.

ಪರಮಪ್ರಸಾದಕ್ಕೆ ಸಿದ್ಧತೆ

ಪ್ರಾರ್ಥನೆಗಳು ಬಾಯಿಪಾಠ ಬಾರದ ಕಾರಣಕ್ಕೆ ಮಗುವನ್ನು ಪ್ರಥಮ ಪರಮಪ್ರಸಾದದಿಂದ ದೂರವಿಡಲು ಧರ್ಮಸಭೆಯ ಕಾನೂನಿನಲ್ಲಿ ಆಧಾರವಿಲ್ಲ. ಕ್ಯಾನನ್ 913 ಕೇಳುವುದು ಮಗುವಿನ ಸಾಮರ್ಥ್ಯಕ್ಕೆ ತಕ್ಕ ತಿಳಿವಳಿಕೆಯನ್ನು. ಜಗದ್ಗುರು 16ನೇ ಬೆನೆಡಿಕ್ಟರು 2007ರಲ್ಲಿ ಹೊರಡಿಸಿದ 'ಸಾಕ್ರಮೆಂತುಮ್ ಕಾರಿತಾತಿಸ್' ಪತ್ರದ 58ನೇ ಪರಿಚ್ಛೇದದಲ್ಲಿ, ಸ್ನಾನದೀಕ್ಷೆ ಮತ್ತು ದೃಢೀಕರಣ ಹೊಂದಿದ ಬೌದ್ಧಿಕ ಅಂಗವಿಕಲರಿಗೂ ಸಾಧ್ಯವಾದಾಗಲೆಲ್ಲ ಪರಮಪ್ರಸಾದ ಕೊಡಬೇಕೆಂದೂ, ಜೊತೆಗಿರುವ ಕುಟುಂಬದ ಮತ್ತು ಸಮುದಾಯದ ವಿಶ್ವಾಸದಲ್ಲಿಯೂ ಅವರು ಅದನ್ನು ಸ್ವೀಕರಿಸುತ್ತಾರೆಂದೂ ಸ್ಪಷ್ಟಪಡಿಸಿದರು. ಹೆತ್ತವರು ಇದನ್ನು ತಿಳಿದಿರಬೇಕು. ಧರ್ಮಗುರುಗಳಾದ ನಮಗೆ ನೆನಪಿಸಲೂ ಹಿಂಜರಿಯಬಾರದು.

ಸಿದ್ಧತೆಗೆ ಕೊನೆಯ ಭೋಜನದ ಕತೆ ತಾನೇ ಬರುತ್ತದೆ. ಮೇಜಿಗೆ ಹಾಸುವ ಬಿಳಿ ಬಟ್ಟೆ, ಕಾಲು ತೊಳೆಯುವ ಬೆಚ್ಚನೆಯ ನೀರು, ರೊಟ್ಟಿ ಮುರಿಯುವುದು. ಅದರೊಂದಿಗೆ ಪವಿತ್ರೀಕರಿಸದ ಓಸ್ತಿಯ ಚೂರನ್ನು ವಾರಗಟ್ಟಲೆ ಅಭ್ಯಾಸ ಮಾಡಿಸಬೇಕು. ಒಣಗಿದ, ಅಂಗಳಕ್ಕೆ ಅಂಟುವ ಅದರ ಗುಣ ಕೆಲವು ಮಕ್ಕಳಿಗೆ ಸಹಿಸದು. ಅತಿ ಚಿಕ್ಕ ಚೂರು ಸಾಕು. ಗಟ್ಟಿ ಪದಾರ್ಥ ನುಂಗಲಾಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ನೀಡಲು ಕ್ಯಾನನ್ 925 ಅವಕಾಶ ಕೊಡುತ್ತದೆ.

ಶುರುಮಾಡಲು

ಧರ್ಮಕೇಂದ್ರದಲ್ಲಿ ಇಂತಹ ಮಕ್ಕಳು ಎಷ್ಟಿದ್ದಾರೆಂದು ತಿಳಿಯಲು ವಾಳೆಯ ಗುರ್ಕಾರರನ್ನು ಕೇಳಿದರೆ ಸಾಕು. ಇಗರ್ಜಿಗೆ ಬಾರದ ಮಕ್ಕಳ ಮನೆಯೂ ಅವರಿಗೆ ಗೊತ್ತಿರುತ್ತದೆ. ಬೆಂದೂರಿನ ಸೈಂಟ್ ಆಗ್ನೆಸ್ ವಿಶೇಷ ಶಾಲೆ, ಪಾಂಬೂರಿನ ಮಾನಸ ಮುಂತಾದ ಸಂಸ್ಥೆಗಳ ಅನುಭವಿ ಶಿಕ್ಷಕಿಯರು ನಮ್ಮ ನಡುವೆಯೇ ಇದ್ದಾರೆ. ಅವರಿಂದ ಕಲಿಯುವುದು ಬಹಳವಿದೆ. ಎಂಡೋಸಲ್ಫಾನ್ ಪೀಡಿತ ಕುಟುಂಬಗಳಿರುವ ಕೊಕ್ಕಡದಂತಹ ಊರುಗಳಲ್ಲಿ ಮನೆಗೇ ಹೋಗಿ ಕತೆ ಹೇಳಬೇಕಾದೀತು.

ವಸ್ತುಗಳನ್ನೆಲ್ಲ ಕ್ರಮವಾಗಿ ಒಂದು ಪೆಟ್ಟಿಗೆಯಲ್ಲಿಟ್ಟು, ವಾಕ್ಯಗಳನ್ನು ಬರೆದ ಚೀಟಿಯನ್ನು ಮುಚ್ಚಳದ ಒಳಭಾಗಕ್ಕೆ ಅಂಟಿಸಿ, ವಾರದ ದಿನಗಳಲ್ಲಿ ಪೆಟ್ಟಿಗೆ ಮಗುವಿನ ಮನೆಯಲ್ಲೇ ಇರಲಿ. ತಾಯಿ ರಾತ್ರಿ ಒಮ್ಮೆ ಹೇಳಲಿ, ತಮ್ಮ ತಂಗಿಯರು ಹೇಳಲಿ. ಜೂನ್ ತಿಂಗಳಲ್ಲಿ ತರಗತಿಗಳು ಶುರುವಾದಾಗ ದೋಣಿಯ ಕತೆಯನ್ನು ಹಿಡಿದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದೊಳಗೆ ಭಾನುವಾರಗಳಲ್ಲೇ ಹತ್ತು ಹನ್ನೆರಡು ಬಾರಿ ಹೇಳಿದಂತಾಗುತ್ತದೆ. ಎರಡನೆಯ ಕತೆಗೆ ಆ ಹಬ್ಬವೇ ಸಾಮಗ್ರಿ ಕೊಡುತ್ತದೆ: ಬಾಲಮರಿಯಳಿಗೆ ಅರ್ಪಿಸುವ ಹೂಗಳು, ಕಬ್ಬಿನ ಜಲ್ಲೆ, ಹಸಿ ಭತ್ತದ ತೆನೆಯ ಮುಳ್ಳು, ಮನೆಯಲ್ಲಿ ಹೊಸ ಅಕ್ಕಿ ಬೆರೆಸಿದ ತೆಂಗಿನ ಹಾಲಿನ ಪರಿಮಳ.